ಅಂತರ್ಜಾಲ ದೂರವಾಣಿಯ ಮೂಲಕ ಫ್ಯಾಕ್ಸ್ ರವಾನೆ: ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ

ಕೋಲಾರ (08152), ಮಾಲೂರು (08151), ಮುಳಬಾಗಿಲು (08159) ಹಾಗೂ ಶ್ರೀನಿವಾಸಪುರ (08157) ಸಂಕೇತ ಸಂಖ್ಯೆಗಳ ಸ್ಥಿರ ದೂರವಾಣಿಗಳಿಗೆ ಫ್ಯಾಕ್ಸ್ ಯಂತ್ರವನ್ನು ಜೋಡಿಸಿಕೊಂಡಿರುವ ಬಳಕೆದಾರರು ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ನೀಡಲಾಗಿದೆ.

ಹಳೆಯ ಡಿಜಿಟಲ್ ವಿನಿಮಯ ಕೇಂದ್ರಗಳ ವ್ಯವಸ್ಥೆಯಲ್ಲಿ ಕರೆ ಮುಗಿಯುವವರೆಗೆ ಸೆಕೆಂಡಿಗೆ 64 ಕಿಲೋಬಿಟ್ ಸಾಮರ್ಥ್ಯದ ಒಂದು ಮಾರ್ಗವು ಆ ಕರೆಗೇ ಮೀಸಲಾಗಿರುತ್ತಿತ್ತು. ಅಂತರ್ಜಾಲ ದೂರವಾಣಿಯಲ್ಲಿ ಧ್ವನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಕಳುಹಿಸಲಾಗುತ್ತದೆ. ಒಂದು ತುಣುಕು ಕಳೆದುಹೋದರೆ ಮನುಷ್ಯನ ಕಿವಿಗೆ ಅದು ಗೊತ್ತೇ ಆಗದಿರಬಹುದು. ಫ್ಯಾಕ್ಸ್ ಯಂತ್ರಕ್ಕೆ ಮಾತ್ರ ಆ ಭಾಗದ ಬರಹವೇ ಕೆಡುತ್ತದೆ. ಜಿ.729ರಂತಹ ಸಂಕುಚನ ವಿಧಾನಗಳು ಮಾತಿಗೆಂದೇ ರೂಪುಗೊಂಡವು, ಫ್ಯಾಕ್ಸ್ ಸಂಕೇತಗಳು ಅವುಗಳಲ್ಲಿ ಉಳಿಯುವುದಿಲ್ಲ. ಆಪ್ಟಿಕಲ್ ಫೈಬರ್ ಸಂಪರ್ಕದ ಮೋಡೆಮ್‌ನಲ್ಲಿರುವ ದೂರವಾಣಿ ಕಿಂಡಿಯೂ ಅಂತರ್ಜಾಲ ದೂರವಾಣಿಯೇ ಆಗಿರುತ್ತದೆ. ಸಂಖ್ಯೆ ಬದಲಾಗದೆ ತಾಮ್ರದ ತಂತಿಯಿಂದ ಫೈಬರ್‌ಗೆ ಬಂದವರು ಇದನ್ನು ಬಹುಮಟ್ಟಿಗೆ ಗಮನಿಸಿರುವುದಿಲ್ಲ.

ಭಾರತದಲ್ಲಿ ಅಂತರ್ಜಾಲ ದೂರವಾಣಿಗೆ 2002ರ ಏಪ್ರಿಲ್ 1ರಿಂದ ಸೀಮಿತ ಅನುಮತಿ ದೊರೆಯಿತು. ದೇಶದೊಳಗಿನ ಸಾಮಾನ್ಯ ದೂರವಾಣಿ ಸಂಖ್ಯೆಗಳಿಗೆ ಕರೆ ಮಾಡುವ ಅವಕಾಶ ಆಗ ಇರಲಿಲ್ಲ.

ಫ್ಯಾಕ್ಸ್‌ಗಾಗಿಯೇ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1998ರಲ್ಲಿ ಟಿ.38 ಎಂಬ ಮಾನದಂಡವನ್ನು ಅಂಗೀಕರಿಸಿತು. ಇದರಲ್ಲಿ ಯಂತ್ರದ ಸದ್ದನ್ನು ಸಾಗಿಸುವ ಬದಲು ಅದರೊಳಗಿನ ಮಾಹಿತಿಯನ್ನೇ ಬೇರ್ಪಡಿಸಿ, ಹಿಂದಿನ ತುಣುಕುಗಳ ಪ್ರತಿಯನ್ನೂ ಸೇರಿಸಿ ಕಳುಹಿಸಲು ಅವಕಾಶವಿದೆ. ಆದರೆ ಎರಡೂ ತುದಿಯ ಗೇಟ್‌ವೇಗಳು ಇದನ್ನು ಬೆಂಬಲಿಸಬೇಕು. ಬೆಂಬಲವಿಲ್ಲದ ಕಡೆ ಸಂಕುಚನವಿಲ್ಲದ ಜಿ.711 ವಿಧಾನವನ್ನು ಆಯ್ಕೆ ಮಾಡಿಕೊಡುವಂತೆ ಸೇವಾದಾರರನ್ನು ಕೇಳಬೇಕು.

ಫ್ಯಾಕ್ಸ್ ಪದೇ ಪದೇ ವಿಫಲವಾದಾಗ ದೋಷ ಸರಿಪಡಿಸುವ ವ್ಯವಸ್ಥೆಯನ್ನು, ಅಂದರೆ ಇಸಿಎಂ ಅನ್ನು, ಸ್ಥಗಿತಗೊಳಿಸುವಂತೆ ಕೆಲವು ತಂತ್ರಜ್ಞರು ಸೂಚಿಸುವುದುಂಟು. ಹಾಗೆ ಮಾಡಿದರೆ ಪುಟವು ತಲುಪುತ್ತದೆ, ಆದರೆ ಕೆಲವು ಸಾಲುಗಳು ಕಾಣೆಯಾಗಿರಬಹುದು ಅಥವಾ ಒಂದರ ಮೇಲೊಂದು ಬಿದ್ದಿರಬಹುದು. ಪತ್ರದಲ್ಲಿ ಇದು ಸಣ್ಣ ತೊಂದರೆ. ಪಹಣಿಯಲ್ಲಿ ಹಾಗಲ್ಲ: ಸರ್ವೆ ನಂಬರಿನ 8 ಎಂಬ ಅಂಕಿ 3ರಂತೆ ಕಂಡರೆ, ಎಕರೆ-ಗುಂಟೆಯ ಅಂಕಿ ಅಳಿಸಿದ್ದರೆ, ಓದುವವರಿಗೆ ತಪ್ಪಾಗಿದೆಯೆಂಬ ಸುಳಿವೂ ಇರುವುದಿಲ್ಲ. ಇಸಿಎಂ ಇದ್ದಾಗ ಕೆಟ್ಟ ಭಾಗವನ್ನು ಯಂತ್ರವು ಮತ್ತೆ ಕೇಳಿ ಪಡೆಯುತ್ತದೆ, ಪಡೆಯಲಾಗದಿದ್ದರೆ ಸಾಮಾನ್ಯವಾಗಿ ಕರೆಯನ್ನೇ ಕಡಿದುಹಾಕುತ್ತದೆ. ಭೂದಾಖಲೆ, ನ್ಯಾಯಾಲಯದ ಆದೇಶ ಮತ್ತು ವೈದ್ಯಕೀಯ ವರದಿಗಳ ಮಟ್ಟಿಗೆ ತಪ್ಪಾಗಿ ತಲುಪುವುದಕ್ಕಿಂತ ತಲುಪದಿರುವುದೇ ಲೇಸು. ಆದ್ದರಿಂದ ಇಸಿಎಂ ಅನ್ನು ಹಾಗೆಯೇ ಉಳಿಸಿಕೊಂಡು, ಯಂತ್ರದ ವೇಗವನ್ನು ಸೆಕೆಂಡಿಗೆ 9600 ಬಿಟ್‌ಗೆ ಇಳಿಸಿ ಮತ್ತೆ ಪ್ರಯತ್ನಿಸುವುದು ಸೂಕ್ತ.

ಮುದ್ರಿತ ವರದಿಯಲ್ಲಿ ‘ಓಕೆ’ ಎಂದಿದ್ದರೂ ಎಚ್ಚರಿಕೆ ಅಗತ್ಯ. ಸಂಗ್ರಹಿಸಿ ನಂತರ ರವಾನಿಸುವ ಸೇವೆಗಳಲ್ಲಿ ಪುಟವು ಮಧ್ಯದ ಸರ್ವರ್‌ಗೆ ಮಾತ್ರ ತಲುಪಿದ್ದರೂ ಈ ವರದಿ ಬರಬಹುದು. ಕಡೆಯ ದಿನಾಂಕವಿರುವ ಅರ್ಜಿ ಅಥವಾ ಮೇಲ್ಮನವಿಯನ್ನು ಕಳುಹಿಸಿದವರು ಸ್ವೀಕರಿಸುವ ಕಚೇರಿಗೆ ಅದೇ ದಿನ ದೂರವಾಣಿ ಮಾಡಿ, ಪುಟಗಳ ಸಂಖ್ಯೆಯನ್ನೂ ಮುಖ್ಯ ಅಂಕಿಗಳನ್ನೂ ಓದಿಸಿ ಖಚಿತಪಡಿಸಿಕೊಳ್ಳತಕ್ಕದ್ದು. ವಿದ್ಯುತ್ ನಿಲುಗಡೆಯ ಸಮಯದಲ್ಲಿ ಫ್ಯಾಕ್ಸ್ ಯಂತ್ರದೊಡನೆ ಮೋಡೆಮ್ ಕೂಡ ಸ್ಥಗಿತಗೊಳ್ಳುವುದರಿಂದ ಯುಪಿಎಸ್ ಸಂಪರ್ಕವನ್ನು ಎರಡಕ್ಕೂ ನೀಡಬೇಕು.