ಎಪ್‌ಸ್ಟೀನ್ ಒಪ್ಪಂದ: ಪತ್ರಗಳು ಬಿಚ್ಚಿಟ್ಟ ಗುಟ್ಟು
ಜೈಲು ಶಿಕ್ಷೆ ಆದವನು ವಾರಕ್ಕೆ ಆರು ದಿನ, ದಿನಕ್ಕೆ 12 ಗಂಟೆವರೆಗೆ ಆಫೀಸಿಗೆ ಹೋಗಿಬರೋದನ್ನ ಕೇಳಿದ್ದೀರಾ? ಫ್ಲೋರಿಡಾದಲ್ಲಿ ಶ್ರೀಮಂತ ಜೆಫ್ರಿ ಎಪ್‌ಸ್ಟೀನ್‌ಗೆ ಆ ಅವಕಾಶ ಸಿಕ್ಕಿತ್ತು.

2005ರಲ್ಲಿ ಬಾಲಕಿಯೊಬ್ಬಳ ಮನೆಯವರು ಪಾಮ್ ಬೀಚ್ ಪೊಲೀಸರಿಗೆ ದೂರು ಕೊಟ್ಟರು. ತನಿಖೆಯಲ್ಲಿ ಇನ್ನೂ ಹಲವು ಬಾಲಕಿಯರ ಹೇಳಿಕೆ ಸಿಕ್ಕಿತು. ಆದರೂ 2007ರಲ್ಲಿ ಫೆಡರಲ್ ಪ್ರಾಸಿಕ್ಯೂಟರ್‌ಗಳು ಗುಟ್ಟಾಗಿ ಒಪ್ಪಂದ ಮಾಡಿಕೊಂಡರು: ರಾಜ್ಯದ ಕೋರ್ಟಲ್ಲಿ ತಪ್ಪೊಪ್ಪಿಕೊಂಡರೆ ಫೆಡರಲ್ ಕೇಸ್ ಇಲ್ಲ. 2008ರಲ್ಲಿ 18 ತಿಂಗಳ ಶಿಕ್ಷೆ. ಸುಮಾರು 13 ತಿಂಗಳಿಗೇ ಬಿಡುಗಡೆ.

ಸಹಿ ಬಿದ್ದ ಮೇಲೂ ಸಂತ್ರಸ್ತೆಯರಿಗೆ ಬಂದ ಪತ್ರಗಳು ಹೇಳಿದ್ದೇನು? ತನಿಖೆ ನಡೀತಿದೆ, ತಾಳ್ಮೆ ಇರಲಿ ಅಂತ! ಅವರು ಕೋರ್ಟಿಗೆ ಹೋದಾಗ ಅದೇ ಪತ್ರಗಳು ಸಾಕ್ಷಿಯಾದವು. ಪ್ರಾಸಿಕ್ಯೂಟರ್‌ಗಳು ಕಾನೂನು ಮುರಿದಿದ್ದಾರೆ ಅಂತ 2019ರಲ್ಲಿ ನ್ಯಾಯಾಧೀಶ ಕೆನೆತ್ ಮಾರಾ ಹೇಳಿದರು. ಮೇಲ್ಮನವಿ ಕೋರ್ಟ್ 2021ರಲ್ಲಿ ಸಂತ್ರಸ್ತೆಯರ ಕೈ ಹಿಡಿಯಲಿಲ್ಲ. ಆದರೆ ಬಯಲಿಗೆ ಬಂದ ಕಾಗದವನ್ನ ಮತ್ತೆ ಬಚ್ಚಿಡೋಕೆ ಯಾರಿಂದಲೂ ಆಗಲಿಲ್ಲ.