ಡಾಂಬರು ಮೊದಲು ಯಾವ ಬೀದಿಗೆ?

1964ರ ಮಾರ್ಚ್‌ನಲ್ಲಿ ಅಮೆರಿಕದ ಸಿಯಾಟಲ್ ನಗರದ ಮತದಾರರಿಗೆ ಒಂದು ಪ್ರಶ್ನೆ ಹಾಕಲಾಯಿತು: ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಎದುರಿನವರ ಬಣ್ಣ ನೋಡುವುದನ್ನು ಕಾನೂನಿನಿಂದ ತಡೆಯೋಣವೇ? ಬೇಡ ಎಂದವರು ಬೇಕೆಂದವರ ಎರಡರಷ್ಟಿದ್ದರು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಹದಿನೈದು ದಿನ ಕಳೆಯುವಷ್ಟರಲ್ಲಿ ನಗರ ಪರಿಷತ್ತು ಅಂಥದೇ ಕಾನೂನನ್ನು ಅಂಗೀಕರಿಸಿತು. ಅದನ್ನು ಮಂಡಿಸಿದವರು ಪರಿಷತ್ತಿನ ಮೊದಲ ಕಪ್ಪುವರ್ಣೀಯ ಸದಸ್ಯ ಸ್ಯಾಮ್ ಸ್ಮಿತ್. ಜನಾಂಗೀಯ ನ್ಯಾಯ ಎಂದರೆ ನಗರಾಡಳಿತಕ್ಕೆ ಆಗ ಇಷ್ಟೇ: ತಾರತಮ್ಯ ಮಾಡಬೇಡಿ, ಯಾರಾದರೂ ಮಾಡಿದರೆ ದೂರು ಕೊಡಿ.

ಅಷ್ಟು ಹೊತ್ತಿಗೆ ತಾರತಮ್ಯ ನಕ್ಷೆಯಲ್ಲೂ ಸಾಲದ ಕಡತದಲ್ಲೂ ಭದ್ರವಾಗಿ ಕೂತಿತ್ತು. 1933ರಲ್ಲಿ ಹುಟ್ಟಿದ ಕೇಂದ್ರ ಸರ್ಕಾರದ ಗೃಹಸಾಲ ನಿಗಮ ಇನ್ನೂರಕ್ಕೂ ಹೆಚ್ಚು ನಗರಗಳ ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಬಳಿಸಿತು. ಕೆಂಪೆಂದರೆ ಸಾಲಕ್ಕೆ ಅಪಾಯದ ಜಾಗ. ಸಿಯಾಟಲ್‌ನಲ್ಲಿ ಕಪ್ಪುವರ್ಣೀಯರು ನೆಲೆಸಿದ್ದ ಸೆಂಟ್ರಲ್ ಡಿಸ್ಟ್ರಿಕ್ಟ್ ಕೆಂಪಾಯಿತು. ಮೂವತ್ತು ವರ್ಷ ಸಾಲ ಸಿಗದ ಬಡಾವಣೆಗೆ 1968ರ ಕಾನೂನು ಬಾಗಿಲು ತೆರೆಯಿತೇ ವಿನಾ ಹಿಂದಿನ ಲೆಕ್ಕ ಚುಕ್ತಾ ಮಾಡಲಿಲ್ಲ.

ಕಚೇರಿಯಲ್ಲಿ ಯಾರೂ ಕೆಟ್ಟವರಲ್ಲದಿದ್ದರೂ ಕಚೇರಿಯ ಪದ್ಧತಿಯೇ ಅನ್ಯಾಯ ಮಾಡಬಹುದು ಎಂಬ ಅರಿವು ಸರ್ಕಾರಿ ಕಾಗದಕ್ಕೆ ಇಳಿದದ್ದು ತಡವಾಗಿ. ಲಂಡನ್ನಿನಲ್ಲಿ 1993ರಲ್ಲಿ ಕೊಲೆಯಾದ ಸ್ಟೀಫನ್ ಲಾರೆನ್ಸ್ ಪ್ರಕರಣದ ವಿಚಾರಣಾ ವರದಿ 1999ರಲ್ಲಿ ಇದನ್ನು ಎತ್ತಿ ಹೇಳಿತು. ಮರುವರ್ಷ ಬ್ರಿಟನ್ ತನ್ನ ಸಾರ್ವಜನಿಕ ಸಂಸ್ಥೆಗಳಿಗೆ ಜನಾಂಗೀಯ ಸಮಾನತೆಯನ್ನು ಮುನ್ನಡೆಸುವ ಕರ್ತವ್ಯವನ್ನೇ ಹೊರಿಸಿತು. ಅಮೆರಿಕದ ನಗರಗಳಲ್ಲಿ ಈ ದಾರಿ ಹಿಡಿದ ಮೊದಲನೆಯದು ಸಿಯಾಟಲ್. 2004ರಲ್ಲಿ ಮೇಯರ್ ಗ್ರೆಗ್ ನಿಕಲ್ಸ್ ‘ಜನಾಂಗ ಮತ್ತು ಸಾಮಾಜಿಕ ನ್ಯಾಯ ಉಪಕ್ರಮ’ ಶುರು ಮಾಡಿದರು.

ಅವರ ಕೈ ಅರ್ಧ ಕಟ್ಟಿತ್ತು ಎಂಬುದನ್ನು ನಮ್ಮ ಓದುಗರು ಗಮನಿಸಬೇಕು. ಕರ್ನಾಟಕದ ನಗರಸಭೆ, ಪುರಸಭೆಗಳು ಪರಿಶಿಷ್ಟರ ಕಲ್ಯಾಣಕ್ಕೆಂದು ಶೇ 24.10ರಷ್ಟು ಹಣ ಎತ್ತಿಡುತ್ತವೆ. ಅದು ಸರಿಯಾಗಿ ಖರ್ಚಾಗುತ್ತದೆಯೇ ಎನ್ನುವುದು ಬೇರೆ ಜಗಳ. ಆದರೆ ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಮತದಾರರು 1998ರಲ್ಲೇ ಸರ್ಕಾರಿ ನೇಮಕ, ಗುತ್ತಿಗೆ, ಶಿಕ್ಷಣದಲ್ಲಿ ಜನಾಂಗ ನೋಡಿ ಆದ್ಯತೆ ಕೊಡುವುದನ್ನು ನಿಷೇಧಿಸಿದ್ದರು. ಹಾಗಾಗಿ ಪಾಲು ಎತ್ತಿಡುವ ದಾರಿ ಮುಚ್ಚಿ, ಪ್ರಶ್ನೆ ಕೇಳುವ ದಾರಿಯೊಂದೇ ಉಳಿಯಿತು. ಪ್ರತಿ ಇಲಾಖೆಯೂ ಹೊಸ ಯೋಜನೆ ಹಾಕುವಾಗ ಆರು ಹಂತದ ಒಂದು ಪರಿಶೀಲನೆಯನ್ನು ದಾಟಬೇಕು: ಯಾವ ಫಲ ಬಯಸಿದ್ದೀರಿ, ಸಂಬಂಧಪಟ್ಟ ಜನರನ್ನು ಮಾತಾಡಿಸಿದಿರಾ, ಲಾಭ ಯಾರಿಗೆ ಹೊರೆ ಯಾರಿಗೆ, ಹೊರೆಯನ್ನು ತಗ್ಗಿಸುವುದು ಹೇಗೆ, ಆದದ್ದನ್ನು ಅಳೆಯುವವರು ಯಾರು, ಜನರಿಗೆ ವರದಿ ಒಪ್ಪಿಸುವುದು ಯಾವಾಗ.

ಇದು ಕಾಗದದ ಶಾಸ್ತ್ರವಾಗಿ ಮುಗಿಯಬಹುದಿತ್ತು, ಎಷ್ಟೋ ಇಲಾಖೆಗಳಲ್ಲಿ ಮುಗಿದಿರಲೂ ಸಾಕು. ಆದರೆ ಬೀದಿದೀಪದ ಉದಾಹರಣೆ ಈ ಕ್ಷೇತ್ರದವರೆಲ್ಲರ ಬಾಯಲ್ಲಿ ಇಂದಿಗೂ ಇದೆ. ನಗರದ್ದೇ ವಿದ್ಯುತ್ ಸಂಸ್ಥೆಯಾದ ಸಿಯಾಟಲ್ ಸಿಟಿ ಲೈಟ್, ದೂರು ಬಂದ ಕಡೆ ಹೋಗಿ ಕೆಟ್ಟ ದೀಪ ಬದಲಿಸುತ್ತಿತ್ತು. ಕೇಳಿದವರಿಗೆ ಕೊಡುವುದರಲ್ಲಿ ತಪ್ಪೇನು? ಆದರೆ ಫೋನ್ ಮಾಡುವವರು ಇಂಗ್ಲಿಷ್ ಬಲ್ಲವರು, ಬಿಡುವಿದ್ದವರು, ಕಚೇರಿ ತಮ್ಮ ಮಾತು ಕೇಳುತ್ತದೆಂಬ ನಂಬಿಕೆ ಇದ್ದವರು. ಉಳ್ಳವರ ಬೀದಿ ಬೆಳಗುತ್ತಿತ್ತು, ವಲಸಿಗರ ಬೀದಿ ಕತ್ತಲಲ್ಲೇ ಇರುತ್ತಿತ್ತು. ಸಂಸ್ಥೆ ದೂರಿಗೆ ಕಾಯುವುದನ್ನು ಬಿಟ್ಟು, ದೀಪದ ಆಯಸ್ಸು ನೋಡಿ ಪ್ರದೇಶವಾರು ಬದಲಿಸತೊಡಗಿತು. ಭಾಷಣವಿಲ್ಲ, ಸಮಿತಿಯಿಲ್ಲ, ಕೆಲಸದ ಪಟ್ಟಿ ಮಾಡುವ ಕ್ರಮ ಬದಲಾಯಿತು, ಅಷ್ಟೆ. ಇಪ್ಪತ್ತು ವರ್ಷದ ಈ ಚಟುವಟಿಕೆಯಲ್ಲಿ ನಿಜಕ್ಕೂ ಫಲಿಸಿದ್ದು ಬಹುಪಾಲು ಇಂಥ ಸಪ್ಪೆ ಕೆಲಸಗಳೇ ಎಂಬುದು ನನ್ನ ಎಣಿಕೆ.

ಸಿಯಾಟಲ್ ಸುತ್ತಲಿನ ಕಿಂಗ್ ಕೌಂಟಿ 2008ರಲ್ಲಿ ಇದೇ ಹಾದಿಗೆ ಬಂತು. (ಗುಲಾಮರ ಒಡೆಯನಾಗಿದ್ದ ಉಪಾಧ್ಯಕ್ಷ ವಿಲಿಯಂ ರೂಫಸ್ ಕಿಂಗ್ ಹೆಸರಿನ ಆ ಕೌಂಟಿ, 1986ರಲ್ಲಿ ತನ್ನ ಹೆಸರು ಮಾರ್ಟಿನ್ ಲೂಥರ್ ಕಿಂಗ್‌ಗೆ ಸೇರಿದ್ದೆಂದು ನಿರ್ಣಯಿಸಿತು. ಫಲಕದ ಖರ್ಚೂ ಉಳಿಯಿತು!) ಪೋರ್ಟ್‌ಲೆಂಡ್ 2011ರಲ್ಲಿ ಪ್ರತ್ಯೇಕ ಕಚೇರಿ ತೆರೆದು, ಆಮೇಲೆ ಪ್ರತಿ ಇಲಾಖೆಯಿಂದಲೂ ಐದು ವರ್ಷದ ಯೋಜನೆ ಬರೆಸಿತು. ಸಿಯಾಟಲ್‌ನ ನಾಗರಿಕ ಹಕ್ಕುಗಳ ಕಚೇರಿಯನ್ನು ನಡೆಸಿದ್ದ ಜೂಲಿ ನೆಲ್ಸನ್ 2014ರಲ್ಲಿ ನಗರಗಳ ರಾಷ್ಟ್ರೀಯ ಒಕ್ಕೂಟವೊಂದನ್ನು ಕಟ್ಟಿದರು. ನೂರಾರು ಸ್ಥಳೀಯ ಸರ್ಕಾರಗಳು ಅದನ್ನು ಸೇರಿದವು.

ಯೋಜನೆ ಹಾಕಿಯಾಯಿತು, ಅದು ಫಲಿಸಿತೆಂದು ತಿಳಿಯುವುದು ಹೇಗೆ? ಒಕ್ಕೂಟ ಮಾರ್ಕ್ ಫ್ರೀಡ್‌ಮನ್ ಎಂಬವರ ಫಲಿತಾಂಶ ಆಧಾರಿತ ಹೊಣೆಗಾರಿಕೆಯ ವಿಧಾನವನ್ನು ತನ್ನದಾಗಿಸಿಕೊಂಡಿತು. ಎಷ್ಟು ಮಾಡಿದಿರಿ, ಎಷ್ಟು ಚೆನ್ನಾಗಿ ಮಾಡಿದಿರಿ, ಅದರಿಂದ ಯಾರ ಬದುಕಾದರೂ ಸುಧಾರಿಸಿತೇ ಎಂಬ ಮೂರು ಪ್ರಶ್ನೆ. ಸರ್ಕಾರಿ ವರದಿಗಳು ಮೊದಲನೆಯದಕ್ಕೆ ಉತ್ಸಾಹದಿಂದ ಉತ್ತರಿಸುತ್ತವೆ: ಇಷ್ಟು ನೌಕರರಿಗೆ ತರಬೇತಿ, ಇಷ್ಟು ಸಭೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಪುಟ ಮುಗಿದಿರುತ್ತದೆ.

ಮೂರನೆಯ ಪ್ರಶ್ನೆಗೆ ಅಂಕದಲ್ಲೇ ಉತ್ತರ ಕೊಡಲು ಹೊರಟವರು ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ಸಂಶೋಧಕರು. 2015ರಲ್ಲಿ ಅವರು ಸಮಾನತೆಯ ಸೂಚ್ಯಂಕ ಹೊರತಂದರು. ಓಕ್‌ಲೆಂಡ್, ಸೇಂಟ್ ಲೂಯಿಸ್, ಟಲ್ಸಾ ಮೊದಲಾದ ನಗರಗಳು ಅದನ್ನು ತಮ್ಮಲ್ಲಿಗೆ ಒಗ್ಗಿಸಿಕೊಂಡವು. ಓಕ್‌ಲೆಂಡ್‌ನ 2018ರ ವರದಿ ಆರ್ಥಿಕತೆ, ಶಿಕ್ಷಣ, ಆರೋಗ್ಯ, ವಸತಿ, ಸುರಕ್ಷತೆ, ನೆರೆಹೊರೆ ಎಂದು ಆರು ಭಾಗ ಮಾಡಿ ಒಟ್ಟು 72 ಸೂಚಕಗಳನ್ನು ಅಳೆಯಿತು. ಬಂದ ಅಂಕ ನೂರಕ್ಕೆ 33.5. ನಗರವೊಂದು ತನ್ನ ನಪಾಸಿನ ಅಂಕಪಟ್ಟಿಯನ್ನು ತಾನೇ ಪ್ರಕಟಿಸುವುದು ಸಣ್ಣ ಮಾತಲ್ಲ. ಆದರೆ ಆ 72ರಲ್ಲಿ ನಗರಸಭೆಯ ಕೈಗೆ ಸಿಗುವವು ಎಷ್ಟು? ಶಾಲೆ ಬೇರೆ ಮಂಡಳಿಯದು, ಆರೋಗ್ಯ ಕೌಂಟಿಯದು, ಕೂಲಿ ಮಾರುಕಟ್ಟೆಯದು. ಅಂಕ ಏರಲಿ ಇಳಿಯಲಿ, ಇಂಥ ಅಧಿಕಾರಿ ಹೊಣೆ ಎಂದು ಬೆರಳು ಮಾಡಲು ಬರುವುದಿಲ್ಲ.

ಅದೇ ಓಕ್‌ಲೆಂಡ್‌ನ ರಸ್ತೆ ಇಲಾಖೆ 2019ರಲ್ಲಿ ಮಾಡಿದ್ದು ಇದಕ್ಕಿಂತ ಗಟ್ಟಿ ಕೆಲಸ. ಮೂರು ವರ್ಷಕ್ಕೆ 10 ಕೋಟಿ ಡಾಲರಿನ ಡಾಂಬರು ಯೋಜನೆ. ಯಾವ ಬೀದಿ ಮೊದಲು? ಇಲಾಖೆ ನಗರವನ್ನು ಪ್ರದೇಶಗಳಾಗಿ ವಿಂಗಡಿಸಿ, ಬಡಾವಣೆಯ ಒಳರಸ್ತೆಗಳ ಹಣವನ್ನು ಎರಡು ಲೆಕ್ಕ ಸೇರಿಸಿ ಹಂಚಿತು: ರಸ್ತೆ ಎಷ್ಟು ಹಾಳಾಗಿದೆ, ಅಲ್ಲಿ ಸೌಲಭ್ಯವಂಚಿತ ಜನ ಎಷ್ಟಿದ್ದಾರೆ. ಬೆಟ್ಟದ ಮೇಲಿನ ಶ್ರೀಮಂತ ಮನೆಗಳ ಕಡೆಗಿಂತ ಕೆಳಗಿನ ಪೂರ್ವ ಓಕ್‌ಲೆಂಡ್‌ಗೆ ಹೆಚ್ಚು ಪಾಲು ಬಂತು. ಇದರ ಲೆಕ್ಕ ಹಿಡಿಯಲು ಸೂಚ್ಯಂಕ ಬೇಕಿಲ್ಲ. ಬೀದಿಯ ಹೆಸರು, ಮೈಲಿ, ತಾರೀಕು ಸಾಕು. ಅಲ್ಲಿ ಜನಾಂಗ ಮತ್ತು ಸಮಾನತೆ ಇಲಾಖೆಯನ್ನು 2016ರಿಂದ ಕಟ್ಟಿದ ಡಾರ್ಲೀನ್ ಫ್ಲಿನ್ ಸಿಯಾಟಲ್‌ನಲ್ಲಿ ಪಳಗಿ ಬಂದವರು.

ಹಾಗಾದರೆ ಸಿಯಾಟಲ್ ಗೆದ್ದಿತೇ? ಸೆಂಟ್ರಲ್ ಡಿಸ್ಟ್ರಿಕ್ಟ್ ನೋಡಿ. 1970ರ ಸುಮಾರಿಗೆ ಅಲ್ಲಿ ಹತ್ತರಲ್ಲಿ ಏಳು ಜನ ಕಪ್ಪುವರ್ಣೀಯರು. 2010ರ ದಶಕದಲ್ಲಿ ಹತ್ತರಲ್ಲಿ ಇಬ್ಬರೂ ಇಲ್ಲ. ದೇಶಕ್ಕೇ ಮಾದರಿಯಾದ ಪರಿಶೀಲನೆ ಜಾರಿಯಲ್ಲಿದ್ದಾಗಲೂ ಬಾಡಿಗೆ ಏರಿತು, ತೆರಿಗೆ ಏರಿತು, ಮೊಮ್ಮಕ್ಕಳು ದಕ್ಷಿಣದ ಉಪನಗರಗಳಿಗೆ ಹೋದರು. ಒಂದೊಂದು ಯೋಜನೆಯನ್ನೂ ಬಿಡಿಬಿಡಿಯಾಗಿ ಪರಿಶೀಲಿಸುವ ಕ್ರಮಕ್ಕೆ ಜಮೀನಿನ ಬೆಲೆ ಎಂಬ ದೊಡ್ಡ ಸಂಗತಿ ಎಟುಕಲೇ ಇಲ್ಲ. ನಗರ ಎಚ್ಚೆತ್ತದ್ದು 2016ರಲ್ಲಿ. ಒಕ್ಕಲೇಳುವ ಅಪಾಯ ಎಲ್ಲೆಲ್ಲಿ ಹೆಚ್ಚು ಎಂದು ನಕ್ಷೆ ಮಾಡಿ, ಅಂಥ ಸಮುದಾಯಗಳಿಗೆ ಜಾಗ ಕೊಳ್ಳಲು ನೆರವಾಗುವ ನಿಧಿ ತೆರೆಯಿತು. ಸೆಂಟ್ರಲ್ ಡಿಸ್ಟ್ರಿಕ್ಟ್‌ನ ಹಳೆಯ ಆರನೇ ನಂಬರಿನ ಅಗ್ನಿಶಾಮಕ ಠಾಣೆ ಕಪ್ಪುವರ್ಣೀಯರ ಭೂ ಟ್ರಸ್ಟ್‌ನ ಕೈಸೇರಿದ್ದು ಅದಾದ ಮೇಲೆ.

ಇಂಥ ಯೋಜನೆಗಳಿಗೆ ಎಟುಕದ್ದು ಜಮೀನಿನ ಬೆಲೆಯೊಂದೇ ಅಲ್ಲ. ಮಿನಿಯಾಪೊಲಿಸ್ 2019ರಲ್ಲಿ ಜನಾಂಗೀಯ ಸಮಾನತೆಯ ಕ್ರಿಯಾಯೋಜನೆಯನ್ನು ಅಂಗೀಕರಿಸಿತ್ತು. 2020ರ ಮೇ 25ರಂದು ಅದೇ ನಗರದ ಪೊಲೀಸನೊಬ್ಬನ ಮಂಡಿಯ ಕೆಳಗೆ ಜಾರ್ಜ್ ಫ್ಲಾಯ್ಡ್ ಸತ್ತರು. ಅದರ ನಂತರದ ಅಲೆಯಲ್ಲಿ ಎಲ್ಲೆಲ್ಲೂ ಹೊಸ ಕಚೇರಿ, ಹೊಸ ನಿರ್ಣಯ. ಇವುಗಳಲ್ಲಿ ಕಾನೂನಿನ ಬಲ ಹೆಚ್ಚಿದ್ದದ್ದು ನ್ಯೂಯಾರ್ಕ್‌ನದು. 2022ರ ನವೆಂಬರ್‌ನಲ್ಲಿ ಮತದಾರರೇ ನಗರದ ಸನದು ತಿದ್ದಿ, ಎರಡು ವರ್ಷಕ್ಕೊಮ್ಮೆ ಸಮಾನತಾ ಯೋಜನೆ ಹಾಕುವುದನ್ನೂ ನಗರದಲ್ಲಿ ಬದುಕಲು ನಿಜವಾಗಿ ಎಷ್ಟು ಖರ್ಚಾಗುತ್ತದೆಂದು ಲೆಕ್ಕ ಹಾಕುವುದನ್ನೂ ಕಡ್ಡಾಯ ಮಾಡಿದರು. ಮೊದಲ ಕರಡಿಗೆ 2024ರ ಜನವರಿಯ ಗಡುವಿತ್ತು, ಗಡುವು ಮೀರಿತು. 2025ರಲ್ಲಿ ಟ್ರಂಪ್ ಆಡಳಿತ ಇಂಥ ಕೆಲಸ ಬಿಟ್ಟರಷ್ಟೇ ಕೇಂದ್ರದ ಅನುದಾನ ಎಂದು ಷರತ್ತು ಹಾಕಿದಾಗ ಕಿಂಗ್ ಕೌಂಟಿಯ ಜೊತೆ ಬಾಸ್ಟನ್, ನ್ಯೂಯಾರ್ಕ್‌ನಂಥ ನಗರಗಳು ಕೋರ್ಟ್ ಮೆಟ್ಟಿಲೇರಿ ತಡೆಯಾಜ್ಞೆ ತಂದವು.

ನಮಗೆ ನೇರವಾಗಿ ತಟ್ಟುವ ಕೊಂಡಿಯೂ ಸಿಯಾಟಲ್‌ನದೇ. 2023ರ ಫೆಬ್ರವರಿ 21ರಂದು, ಪುಣೆಯಲ್ಲಿ ಹುಟ್ಟಿದ ಪರಿಷತ್ ಸದಸ್ಯೆ ಕ್ಷಮಾ ಸಾವಂತ್ ಮಂಡಿಸಿದ ಮಸೂದೆ 6–1 ಮತಗಳಿಂದ ಗೆದ್ದು, ಜಾತಿ ತಾರತಮ್ಯವನ್ನು ನಿಷೇಧಿಸಿದ ಅಮೆರಿಕದ ಮೊದಲ ನಗರ ಅದಾಯಿತು. ನಮ್ಮ ಕಡೆಯಿಂದ ಹೋದ ಸಾಫ್ಟ್‌ವೇರ್ ಮಂದಿ ತುಂಬಿರುವ ಊರು. ಆದರೆ ಅಲ್ಲಿಯ ಜನಗಣತಿ 1980ರಿಂದ ನಮ್ಮನ್ನೆಲ್ಲ ‘ಏಷ್ಯನ್ ಇಂಡಿಯನ್’ ಎಂಬ ಒಂದೇ ಕಲಮಿಗೆ ಹಾಕುತ್ತದೆ. ಜನಾಂಗವಾರು ಅಂಕಿ ಇಟ್ಟುಕೊಂಡು ಕೆಲಸ ಮಾಡುವ ನಗರಕ್ಕೆ ಜಾತಿಯ ಅಂಕಿಯೇ ಇಲ್ಲ. ಕಾನೂನು ದೂರು ಬಂದಾಗಲಷ್ಟೇ ಕಣ್ಣು ಬಿಡಬೇಕು. ಹಾಗೆಂದು ಅರ್ಜಿಯಲ್ಲಿ ಜಾತಿಯ ಕಲಂ ಸೇರಿಸಿ ಎನ್ನಲೂ ಮನಸ್ಸಾಗದು. ಜಾತಿ ಮರೆಸಿಕೊಂಡು ಕೆಲಸ ಮಾಡುತ್ತಿರುವ ದಲಿತ ಎಂಜಿನಿಯರಿಗೆ ಅದೇ ಅಪಾಯವಾದೀತು. ಈಗಿರುವುದು ಖಾಸಗಿ ಸಮೀಕ್ಷೆಗಳು. ಈಕ್ವಾಲಿಟಿ ಲ್ಯಾಬ್ಸ್ ಎಂಬ ದಲಿತ ಹಕ್ಕುಗಳ ಸಂಘಟನೆ 2018ರಲ್ಲಿ ಪ್ರಕಟಿಸಿದ್ದು ತಾರತಮ್ಯ ವ್ಯಾಪಕವೆಂದಿತು; ಅದರಲ್ಲಿ ತಾವಾಗಿ ಮುಂದೆ ಬಂದವರಷ್ಟೇ ಉತ್ತರಿಸಿದ್ದರಿಂದ ಇಡೀ ಸಮುದಾಯದ ಚಿತ್ರ ಸಿಗದೆಂದು 2021ರಲ್ಲಿ ಕಾರ್ನೆಗಿ ಸಂಸ್ಥೆಯ ಸಂಶೋಧಕರು ಆಕ್ಷೇಪಿಸಿ, ತಮ್ಮ ಸಮೀಕ್ಷೆಯಲ್ಲಿ ಕಡಿಮೆ ಪ್ರಮಾಣ ತೋರಿಸಿದರು. ನಗರ ಇವೆರಡರಲ್ಲಿ ಯಾವುದನ್ನೂ ತನ್ನ ಲೆಕ್ಕವೆಂದು ಹಿಡಿದಿಲ್ಲ.