ಅಜ್ಜನ ಅರ್ಧ ಫೋಟೊ ಮತ್ತು ಪಿಎಸ್‌ಪಿ ಕಾರ್ಡ್

(1/4)
ಮೊದಲನೇ ಫೋಟೊ ನೋಡ್ರಿ ದೋಸ್ತರ. ಗೋಕಾಕ ಫಾಲ್ಸಿನ ತೂಗುಸೇತುವೆ ಮುಂದ ನಮ್ಮ ಅಜ್ಜ ನಿಂತಾನ. ಎದೆಯಿಂದ ಕೆಳಗ ಬರೀ ಬೂದು ಬಣ್ಣ. ಇದು ಫಿಲ್ಟರ್ ಅಲ್ಲ. 2019ರ ಆಗಸ್ಟ್‌ನಾಗ ಘಟಪ್ರಭಾ ಊರೊಳಗ ಬಂದಾಗ ನಮ್ಮ ಕಂಪ್ಯೂಟರ್ ನೀರಾಗ ಹೋತು. ಅಜ್ಜನ ಫೋಟೊಗಳ ಇನ್ನೊಂದು ಕಾಪಿ ಉಳಿದದ್ದು ಒಂದೇ ಕಡೆ: ಮೂಡಲಗಿಯ ಮಾವಶಿ ಮನೆಯಲ್ಲಿದ್ದ ಅಣ್ಣನ ಹಳೇ ಪಿಎಸ್‌ಪಿಯೊಳಗ. ಆನ್ ಮಾಡಿದ್ರ ಕಾರ್ಡೇ ಓದವಲ್ದು!

(2/4)
ಈ ಕಾರ್ಡಿನ ಕಥಿ ಹಳೇದು. ಸೋನಿ ಕಂಪನಿ 1998ರಲ್ಲಿ ಮೆಮೊರಿ ಸ್ಟಿಕ್ ಅಂತ ತನ್ನದೇ ಆಕಾರದ ಕಾರ್ಡ್ ತಂದಿತು. ಮರುವರ್ಷವೇ ಪ್ಯಾನಸಾನಿಕ್, ತೋಶಿಬಾ, ಸ್ಯಾನ್‌ಡಿಸ್ಕ್ ಸೇರಿ ಎಸ್‌ಡಿ ಕಾರ್ಡ್ ಘೋಷಿಸಿದವು. ಜಗತ್ತು ಎಸ್‌ಡಿ ಕಡೆ ವಾಲಿತು, ಸೋನಿ ಮಾತ್ರ ಬಿಡಲಿಲ್ಲ. 2004ರ ಡಿಸೆಂಬರ್ 12ರಂದು ಜಪಾನಿನಲ್ಲಿ ಬಂದ ಪಿಎಸ್‌ಪಿಗೂ ಮೆಮೊರಿ ಸ್ಟಿಕ್ ಡ್ಯುಒ ಬೇಕಾಯಿತು. ಆಟ ಬರುತ್ತಿದ್ದದ್ದು ಯುಎಂಡಿ ಡಿಸ್ಕಿನಲ್ಲಿ. ಅದರ ಮ್ಯಾಲೆ ಏನೂ ಬರೆಯೋಕಾಗಲ್ಲ. ಹಂಗಾಗಿ ಸೇವ್ ಎಲ್ಲಾ ಕಾರ್ಡಿಗೇ. ಕಾರ್ಡ್ ಹೋತಂದ್ರ ಮೂವತ್ತು ತಾಸಿನ ಆಟ ಹೋತು. ಅಸಲಿ ಕಾರ್ಡ್ ತುಟ್ಟಿ, ಹಾಗಾಗಿ ನಕಲಿ ಕಾರ್ಡುಗಳ ಸುಗ್ಗಿ. ಮೈಕ್ರೊ ಎಸ್‌ಡಿ ಹಾಕಿ ಕೊಡುವ ಅಡಾಪ್ಟರ್‌ಗಳೂ ಬಂದವು. 2010ರಲ್ಲಿ ಸೋನಿಯೇ ಎಸ್‌ಡಿ ಕಾರ್ಡ್ ಮಾರತೊಡಗಿತು. ಆದ್ರ 2011ರ ಪಿಎಸ್ ವೀಟಾಗೆ ಮತ್ತೆ ಬೇರೆಯದೇ ಕಾರ್ಡ್! ಹಠ ಅಂದ್ರ ಇದು.

(3/4)
ಅಣ್ಣನದೂ ಅಡಾಪ್ಟರೇ. ಹುಕ್ಕೇರಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಗೆಳೆಯನ ಹತ್ರ ಹೋದ್ವಿ. ಪಿಎಸ್‌ಪಿ ಫಾರ್ಮ್ಯಾಟ್ ಮಾಡು ಅಂತ ಕೇಳ್ತಿತ್ತು. ಅಣ್ಣ ಬಟನ್ ಒತ್ತೋಕೆ ಹೊಂಟಿದ್ದ.

‘ಏ, ಕೈ ತಗಿ. ಫೋಟೊ ಬೇಕಂದ್ರ ಫಾರ್ಮ್ಯಾಟ್ ಕಡೀಕ,’ ಅಂದ ಗೆಳೆಯ.

ಮೊದಲು ಬೇರೆ ಕಾರ್ಡ್ ಹಾಕಿ ನೋಡಿದ. ಓದಿತು, ಅಂದ್ರ ಸ್ಲಾಟ್ ಚಲೋ ಇತ್ತು. ಆಮೇಲೆ ಬಂಗಾರದ ಬಣ್ಣದ ಪಟ್ಟಿಗಳನ್ನು ಒಣ ಬಟ್ಟೆಯಿಂದ ಒರೆಸಿ, ಅಡಾಪ್ಟರ್ ಬದಲಿಸಿ ನೋಡಿದ. ಇಲ್ಲ. ಮೈಕ್ರೊ ಎಸ್‌ಡಿಯನ್ನೇ ತಗದು ರೀಡರ್‌ಗೆ ಹಾಕಿ, ಫೋಟೊರೆಕ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಓಡಿಸಿದ. ಸಿಕ್ಕ ಫೈಲುಗಳನ್ನ ಅದೇ ಕಾರ್ಡಿಗೆ ಹಾಕಲಿಲ್ಲ, ಬೇರೆ ಡಿಸ್ಕಿಗೆ ಹಾಕಿದ. ಇದನ್ನ ನೆನಪಿಡ್ರಿ, ಅದೇ ಕಾರ್ಡಿಗೆ ಬರೆದ್ರ ಉಳಿದದ್ದೂ ಅಳಿಸುತ್ತೆ.

(4/4)
ಎಲ್ಲಾ ತೆಗೆದ ಮ್ಯಾಲೆ ಖಾಲಿ ಕಾರ್ಡನ್ನ ಪೂರ್ತಿ ತುಂಬಿ, ವಾಪಸ್ ಓದಿಸಿ ಪರೀಕ್ಷೆ ಮಾಡಿದ. ಮ್ಯಾಲೆ ಬರೆದದ್ದು 8 ಜಿಬಿ, ಒಳಗ ಇದ್ದದ್ದು 2. ಇಂಥ ನಕಲಿ ಕಾರ್ಡಿನ ಕಂಟ್ರೋಲರ್ ಸುಳ್ಳು ಹೇಳುತ್ತೆ. ಜಾಗ ಮುಗಿದ ಮ್ಯಾಲೂ ‘ಆತು’ ಅಂತ ಒಪ್ಪಿಕೊಂಡು, ಹಳೇದರ ಮ್ಯಾಲೇ ಹೊಸದನ್ನ ಬರೆಯುತ್ತೆ. ಅಣ್ಣ ಪೂರದ ಹಿಂದಿನ ವಾರ ಹಾಡು ತುಂಬಿದ್ದ. ಅವನ ಮುಖ ಸಣ್ಣದಾತು. ಬೈಯೋಕೆ ಯಾರಿಗೂ ಮನಸ್ಸಾಗಲಿಲ್ಲ.

ಅಜ್ಜನ ಹನ್ನೊಂದು ಫೋಟೊ ಪೂರ್ತಿ ಸಿಕ್ಕವು. ಇದು ಹನ್ನೆರಡನೇದು. ಅವ್ವ ಇದನ್ನೇ ಫ್ರೇಮ್ ಹಾಕಿಸ್ಯಾಳ, ನಗು ಇದರಾಗ ಮಾತ್ರ ಐತಿ ಅಂತ.